ಕೈ ಹಿಂದೆ ಕಟ್ಟಿಕೊಂಡು

ಬಸ್ತಿಹಳ್ಳಿ, ಹಳೇಬೀಡು
೪ ಆಗಸ್ಟ್ ೨೦೨೪, ಭಾನುವಾರ

ವಿಶಾಲಕ್ಕ,

ಫೋನು ಇರುವಾಗ ಕಾಗದ ಯಾಕೆ ಎಂದು ನಮ್ಮ ಧರ್ಮೇಶ್ ನಗುತ್ತಿದ್ದಾರೆ. ಗಂಡಂದಿರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಹದಿನಾರು ವರ್ಷ ಅರಸೀಕೆರೆಯಲ್ಲಿ ಒಂದೇ ವಾರ್ಡಿನಲ್ಲಿ ದುಡಿದೆವು. ಆದರೂ ಒಂದೇ ಪಾಳಿಯಲ್ಲಿ ಕೂತು ಮಾತಾಡಿದ್ದು ಎಷ್ಟು ದಿನ? ನೀವು ಬರುವ ಹೊತ್ತಿಗೆ ನಾನು ಹೊರಡುತ್ತಿದ್ದೆ. ನಮ್ಮ ಸಂಸಾರದ ಕಥೆಯೆಲ್ಲ ರಿಪೋರ್ಟ್ ಪುಸ್ತಕದ ನಡುವೆ ಇಟ್ಟ ಚೀಟಿಗಳಲ್ಲೇ ನಡೆಯಿತು. "ಐದನೇ ಬೆಡ್ಡಿನ ಅಜ್ಜಿ ಮಗನನ್ನು ಕೇಳಿದರೆ ಬಸ್ಸು ಕೆಟ್ಟಿದೆ ಎನ್ನಿ" ಎಂದು ನಾನು. "ಡಬ್ಬಿಯಲ್ಲಿ ಕಡುಬು ಇದೆ, ತಿಂದು ತೊಳೆದಿಡು" ಎಂದು ನೀವು. ಫೋನಿನಲ್ಲಿ ನೀವು "ಹೂಂ, ಸರಿ, ಇಡ್ಲಾ" ಎಂದುಬಿಡುತ್ತೀರಿ. ಬರೆಯಲು ಕೂತರೆ ಮಾತ್ರ ನಿಮ್ಮ ಬಾಯಿ ತೆರೆಯುತ್ತದೆ.

ಕ್ಷೇಮ ಸಮಾಚಾರ ಬೇಕಾದರೆ, ಬಿಪಿ ಸರಿಯಿದೆ, ಕಾಲು ನೋವಿಲ್ಲ. ಇಷ್ಟು ವರ್ಷದಲ್ಲಿ ಕಾಲು ನೋವಿಲ್ಲದ ವಾರ ಇದೇ ಮೊದಲು. ಬಸ್ತಿಹಳ್ಳಿಯಿಂದ ಬೇಲೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆ, ಕೂತು ಕಣ್ಣು ಮುಚ್ಚುವಷ್ಟರಲ್ಲಿ ಇಳಿಯಬೇಕು.

ನರ್ಸಿಂಗ್ ಶಾಲೆಯಲ್ಲಿ ನನ್ನ ಪಾಲಿಗೆ ನಲವತ್ತು ಹುಡುಗಿಯರು. ಮೊದಲ ದಿನವೇ ಮರ್ಯಾದೆ ಹೋಯಿತು. ಗೊಂಬೆಯ ತೋಳಿಗೆ ಇಂಜೆಕ್ಷನ್ ಕೊಡುವುದು ತೋರಿಸುತ್ತಿದ್ದೆ. ಅಭ್ಯಾಸಬಲ ನೋಡಿ, "ಸ್ವಲ್ಪ ಚುರ್ ಅನ್ನುತ್ತೆ ಕಣಮ್ಮ, ತಡ್ಕೊ" ಎಂದು ಪ್ಲಾಸ್ಟಿಕ್ ಗೊಂಬೆಗೆ ಹೇಳಿ ಅದರ ಭುಜ ಸವರಿದೆ. ಹುಡುಗಿಯರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ದಿವ್ಯಾ ಎಂಬ ಹಾರನಹಳ್ಳಿಯ ಹುಡುಗಿ ಮಾತ್ರ ನಗದೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅವಳ ಮೇಲೆ ನನಗೆ ಅಲ್ಲೇ ಪ್ರೀತಿ ಬಂತು.

ನಮ್ಮತ್ತೆ ಮಾರಮ್ಮನಿಗಂತೂ ಇದು ಬಗೆಹರಿಯುತ್ತಿಲ್ಲ. "ಪಾಟ ಹೇಳಾಕೆ ನರ್ಸ್ ಯಾಕವ್ವ ಆಗ್ಬೇಕಿತ್ತು? ಟೀಚರ್ರೇ ಆಗಿದ್ರೆ ಆಗಿರೋದು. ರೋಗಿ ಇಲ್ದಿರೋ ನರ್ಸಮ್ಮನ್ನ ನಾನೆಲ್ಲೂ ಕಂಡಿಲ್ಲ" ಎನ್ನುತ್ತಾರೆ. ಅವರ ಮಾತು ತೆಗೆದುಹಾಕುವಂತಿಲ್ಲ. ಸಂಜೆ ಮನೆಗೆ ಬಂದರೆ ಇವತ್ತು ಯಾರಿಗೆ ಏನು ಮಾಡಿದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಮಾರ್ಚ್ ಕೊನೆಯೊಳಗೆ ಇಲ್ಲೇ ಉಳಿಯುತ್ತೇನೋ ವಾರ್ಡಿಗೆ ವಾಪಸ್ ಹೋಗುತ್ತೇನೋ ಬರೆದುಕೊಡಬೇಕು. ಇನ್ನೂ ದಿನ ಇದೆ, ನೋಡೋಣ.

ಒಂದು ಕೇಳಬೇಕು. ನಿಮ್ಮ ಪಾಳಿಯಲ್ಲಿ ಈಗ ಡ್ರಿಪ್ಪಿನ ಲೈನ್ ಯಾರು ಹಾಕುತ್ತಿದ್ದಾರೆ?

ಕುಕ್ಕರ್ ಕೂಗುತ್ತಿದೆ.
ನಿಮ್ಮ ಮಾಲಿನಿ


ಅರಸೀಕೆರೆ
೧೮ ಆಗಸ್ಟ್ ೨೦೨೪

ಮಾಲಿನಿ,

ಗೊಂಬೆಗೆ ಚುರ್ ಅನ್ನುತ್ತೆ ಎಂದು ಹೇಳಿದ್ದನ್ನು ಓದಿ ಊಟದ ಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ಆಯಾಗಳು ಇನ್ನೂ ನಗುತ್ತಿದ್ದಾರೆ. ನೀನು ಬೈದುಕೊಂಡರೂ ಚಿಂತೆಯಿಲ್ಲ.

ನಿನ್ನ ಜಾಗಕ್ಕೆ ಸೌಂದರ್ಯ ಎನ್ನುವವಳು ಬಂದಿದ್ದಾಳೆ, ನನ್ನ ಪಾಳಿಗೇ ಹಾಕಿದ್ದಾರೆ. ಇಪ್ಪತ್ತನಾಲ್ಕು ವರ್ಷ. ಕೆಲಸದಲ್ಲಿ ಚುರುಕು, ಆದರೆ ರೋಗಿಗಳ ಹೆಸರು ನೆನಪಿಡುವುದಿಲ್ಲ, ಬೆಡ್ ನಂಬರ್ ಹಿಡಿದು ಕೂಗುತ್ತಾಳೆ. ಮೊನ್ನೆ ನಮ್ಮ ವೆಂಕಟಲಕ್ಷ್ಮಮ್ಮ ಉಬ್ಬಸ ಹೆಚ್ಚಾಗಿ ಮತ್ತೆ ಬಂದು ಸೇರಿದಳು. ಇವಳು "ಏಳು, ಏಳು" ಎಂದು ಬೆಡ್ ನಂಬರ್ ಕೂಗಿದರೆ ಆಕೆ ಎದ್ದು ನಿಂತುಬಿಟ್ಟಳು! "ಎತ್ತರಕ್ಕಿದ್ರಲ್ಲ ಆ ಸಿಸ್ಟರ್ ಎಲ್ಲವ್ವ?" ಎಂದು ನಿನ್ನನ್ನು ಕೇಳಿದಳು. ಮೇಷ್ಟ್ರಾಗಿ ಹೋದಳು ಎಂದೆ. "ಅಯ್ಯೋ ಪಾಪ" ಎಂದಳು.

ಪಾಪವೇನೂ ಇಲ್ಲ. ಡ್ಯೂಟಿ ಮುಗಿಸಿಕೊಂಡು ಬಿ.ಎಸ್ಸಿ. ಓದಲು ಹೋಗುತ್ತಿದ್ದವಳಿಗೆ ಎರಡು ವರ್ಷ ಪಾಳಿ ಬದಲಾಯಿಸಿ ಕೊಟ್ಟವಳು ನಾನು. ಅದು ನೀನು ಮತ್ತೆ ಇಲ್ಲಿಗೇ ಬಂದು ಬೆಡ್‌ಶೀಟ್ ಎಳೆಯಲಿ ಎಂದಲ್ಲ. ಉಳಿಯುವುದೋ ಬರುವುದೋ ಎಂಬ ಯೋಚನೆ ಬಿಡು. ಫೆಬ್ರವರಿ ಕೊನೆಗೆ ನಾನೇ ನಿವೃತ್ತಿಯಾಗುತ್ತೇನೆ, ಆಮೇಲೆ ಇಲ್ಲಿ ನಿನಗೆ ಯಾರಿದ್ದಾರೆ?

ನಿನ್ನ ಅತ್ತೆಗೆ ನಾನು ಕೇಳಿದೆ ಎಂದು ಹೇಳು. ಅವರ ಬೆನ್ನು ನೋವಿಗೆ ಎಣ್ಣೆ ಬಿಸಿ ಮಾಡಿ ಹಚ್ಚು, ಆರಿದ ಮೇಲೆ ಹಚ್ಚಿದರೆ ಉಪಯೋಗವಿಲ್ಲ.

ಗಂಟೆ ಎರಡಾಯಿತು, ಪಾಳಿಗೆ ಹೊರಟೆ.
ವಿಶಾಲಮ್ಮ


ಬಸ್ತಿಹಳ್ಳಿ
೨೯ ಸೆಪ್ಟೆಂಬರ್ ೨೦೨೪

ವಿಶಾಲಕ್ಕ,

ನನ್ನ ಪ್ರಶ್ನೆಗೆ ಉತ್ತರ ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀರಿ. ಇರಲಿ, ಈ ಕಾಗದದ ಕೊನೆಯಲ್ಲಿ ಮತ್ತೆ ಕೇಳುತ್ತೇನೆ.

ಹುಡುಗಿಯರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುವುದು ಈ ತಿಂಗಳಿಂದ ಶುರುವಾಗಿದೆ. ಡೆಟಾಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ತವರುಮನೆಗೆ ಹೋದ ಹಾಗಾಯಿತು ನನಗೆ. ಯಾರೋ "ಸಿಸ್ಟರ್" ಎಂದು ಕೂಗಿದರೆ ಹತ್ತು ಹುಡುಗಿಯರನ್ನು ನಡುದಾರಿಯಲ್ಲಿ ನಿಲ್ಲಿಸಿ ನಾನೇ ಓಡುತ್ತೇನೆ. ಅವರು ಬಾತುಕೋಳಿಗಳ ಹಾಗೆ ಹಿಂದೆ ಬರುತ್ತಾರೆ.

ಮೊನ್ನೆ ಒಬ್ಬ ಅಜ್ಜಿಗೆ ಡ್ರಿಪ್ ಹಾಕಬೇಕಿತ್ತು. ದಿವ್ಯಾಳ ಸರದಿ. ಗೊಂಬೆಯ ಮೇಲೆ ಅವಳದು ಒಳ್ಳೆಯ ಕೈ. ಇಲ್ಲಿ ಮಾತ್ರ ಸೂಜಿ ಹಿಡಿದು ನಿಂತೇ ನಿಂತಳು. ಅಜ್ಜಿಯ ಕೈಯಲ್ಲಿ ನರ ಸಿಕ್ಕುವುದು ಕಷ್ಟ, ತೆಳ್ಳಗೆ, ಜಾರುವಂಥವು. ಒಂದು ಸಲ ಚುಚ್ಚಿದಳು, ಸಿಗಲಿಲ್ಲ. ಅಜ್ಜಿ "ಉಸ್ಸಪ್ಪಾ" ಎಂದಿತು ನೋಡಿ, ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವಳ ಬೆರಳಿಂದ ಸೂಜಿ ತೆಗೆದುಕೊಂಡು, ಹೊಸದು ಬಿಚ್ಚಿ, ಒಂದೇ ಸಲಕ್ಕೆ ಹಾಕಿದೆ! "ಎಂಥ ತಣ್ಣನೆ ಕೈ ನಿಂದು ಮಗಾ" ಎಂದಿತು ಅಜ್ಜಿ. ಎರಡು ತಿಂಗಳಾದ ಮೇಲೆ ಆ ಮಾತು ಕೇಳಿದೆ. ಸಂಜೆ ಬಸ್ಸಿನಲ್ಲಿ ನಾನೊಬ್ಬಳೇ ನಗುತ್ತಾ ಕೂತಿದ್ದೆನಂತೆ, ಪಕ್ಕದ ಸೀಟಿನಾಕೆ ವಿಚಿತ್ರವಾಗಿ ನೋಡಿದಳು.

ನನ್ನ ಜಾಗ ಅದೇ ಅಕ್ಕ. ಪಾಠ ಹೇಳಲು ಬೇರೆಯವರು ಸಿಗುತ್ತಾರೆ. ನಿಮ್ಮ ನಿವೃತ್ತಿಗೆ ಇನ್ನೂ ಐದು ತಿಂಗಳಿದೆ. ನಾನು ಬೇಗ ವಾಪಸ್ ಬಂದರೆ ಆ ಐದು ತಿಂಗಳು ನಿಮಗೂ ನಿರಾಳ. ಈಗ ಹೇಳಿ, ಲೈನ್ ಯಾರು ಹಾಕುತ್ತಿದ್ದಾರೆ? ಸೌಂದರ್ಯ ಇಲ್ಲದ ದಿನ ಏನು ಮಾಡುತ್ತೀರಿ?

ಉತ್ತರಕ್ಕೆ ಕಾಯುವ,
ಮಾಲಿನಿ


ಬಸ್ತಿಹಳ್ಳಿ
೧೦ ನವೆಂಬರ್ ೨೦೨೪

ವಿಶಾಲಕ್ಕ,

ಆರು ವಾರವಾಯಿತು. ಫೋನು ಮಾಡಿದರೆ "ವಾರ್ಡಲ್ಲಿದ್ದೀನಿ, ಇಡ್ಲಾ" ಎನ್ನುತ್ತೀರಿ. ನನ್ನ ಮೇಲೆ ಸಿಟ್ಟಿದ್ದರೆ ಬರೆದು ಬೈಯಿರಿ.

ಇಲ್ಲಿ ಒಂದು ಎಡವಟ್ಟಾಗಿದೆ. ದಿವ್ಯಾ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿದ್ದಾಳೆ. ಅವಳ ಸರದಿ ಬಂದ ದಿನ ಒಮ್ಮೆ ತಲೆನೋವು, ಒಮ್ಮೆ ಹೊಟ್ಟೆನೋವು. ದೀಪಾವಳಿಗೆ ಊರಿಗೆ ಹೋದವಳು ವಾಪಸ್ಸೇ ಬಂದಿಲ್ಲ. ಕೋರ್ಸು ಬಿಡುತ್ತಾಳಂತೆ, ಅವರಮ್ಮ ಬಂದು ಪ್ರಿನ್ಸಿಪಾಲ್ ಜಯದೇವಪ್ಪನವರ ಹತ್ತಿರ ಅತ್ತು ಹೋದರು. ಅವರು ನನ್ನನ್ನು ಕರೆದು, "ಏನಾಯ್ತಮ್ಮ? ನಿಮ್ಮ ಬ್ಯಾಚಲ್ಲೇ ಚೆನ್ನಾಗಿರೋ ಹುಡುಗಿ ಅಲ್ವಾ ಅದು?" ಎಂದು ಕೇಳಿದರು. ಅವಳಿಗೆ ನಾನು ಒಂದು ದಿನವೂ ಗದರಿದವಳಲ್ಲ. ಕಷ್ಟ ಬಂದಾಗಲೆಲ್ಲ ನಾನೇ ಮುಂದೆ ನಿಂತು ಮಾಡಿಕೊಟ್ಟಿದ್ದೇನೆ.

ನನಗೆ ಪಾಠ ಹೇಳಲು ಬರುವುದಿಲ್ಲ ಅಕ್ಕ, ಅಷ್ಟೇ. ವಾಪಸ್ ಹೋಗುತ್ತೇನೆಂದು ಕಾಗದ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಕೊಡುವುದೊಂದು ಬಾಕಿ.

ಮಾಲಿನಿ


ಅರಸೀಕೆರೆ
೨೪ ನವೆಂಬರ್ ೨೦೨೪

ಮಾಲಿನಿ,

ಎರಡು ಕಾಗದವೂ ಬಂದವು. ಕೋಪ ಬಂದಿತ್ತು, ಅದಕ್ಕೇ ಬರೆಯಲಿಲ್ಲ. ನಿನ್ನ ಮೇಲೆ ಎಂದುಕೊಂಡಿದ್ದೆ. ಬರೆಯಲು ಕೂತ ಮೇಲೆ ನನ್ನ ಮೇಲೂ ಅಷ್ಟೇ ಇದೆ ಎಂದು ಗೊತ್ತಾಗುತ್ತಿದೆ.

ನಾವಿಬ್ಬರೂ ನಾಲ್ಕು ವರ್ಷದಿಂದ ಬಾಯಿ ಬಿಡದ ಸಂಗತಿ ಒಂದಿದೆ. ಇವತ್ತು ಬರೆದೇ ಬಿಡುತ್ತೇನೆ. ವಾಂತಿಭೇದಿಯಿಂದ ಸೊರಗಿದ ಆ ಎರಡು ವರ್ಷದ ಮಗು ನಿನಗೆ ನೆನಪಿದೆ. ನಾನು ಮೂರು ಸಲ ಚುಚ್ಚಿದೆ, ನರ ಸಿಗಲಿಲ್ಲ. ಅದರಪ್ಪ ನನ್ನ ಮಣಿಕಟ್ಟು ಹಿಡಿದು, "ಕಣ್ಣು ಕಾಣಾಕಿಲ್ವೇನಮ್ಮ ನಿಂಗೆ? ವಯಸ್ಸಾದ್ಮೇಲೆ ಮನೇಲಿ ಬಿದ್ದಿರ್ಬೇಕಪ್ಪ" ಎಂದ, ಇಡೀ ವಾರ್ಡ್ ನೋಡುತ್ತಿತ್ತು. ಅಷ್ಟರಲ್ಲಿ ಪಾಳಿ ಮುಗಿಸಿ ಹೊರಟಿದ್ದ ನೀನು ಗಲಾಟೆ ಕೇಳಿ ಹಿಂದಿರುಗಿ ಬಂದೆ. ನನ್ನ ಕೈಯಿಂದ ತೆಗೆದುಕೊಂಡು ಹಾಕಿದೆ. ಮಗು ಉಳಿಯಿತು. ಅವತ್ತು ನೀನು ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮಾರನೆಯ ದಿನ? ನಿನ್ನ ಪಾಳಿ ಮುಗಿದ ಮೇಲೂ ಇಪ್ಪತ್ತು ನಿಮಿಷ ನಿಂತು, ನನ್ನ ಪಾಳಿಯಲ್ಲಿ ಬೇಕಾಗಬಹುದಾದ ಲೈನುಗಳನ್ನೆಲ್ಲ ನೀನೇ ಹಾಕಿ ಹೋದೆ. ಆಮೇಲೆ ದಿನಾ ಅದೇ ಆಯಿತು. ಹಳೇಬೀಡಿನ ಬಸ್ಸು ತಪ್ಪಿಸಿಕೊಂಡು, ಜಾವಗಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು ಮನೆಗೆ ಹೋಗುತ್ತಿದ್ದೆ. ನಾನು ಏನೂ ತಿಳಿಯದವಳ ಹಾಗೆ ಚಾರ್ಟು ನೋಡುತ್ತಾ ಕೂತಿರುತ್ತಿದ್ದೆ. ನಡುವೆ ಯಾವುದಾದರೂ ಲೈನ್ ಕಟ್ಟಿಕೊಂಡರೆ ಪಕ್ಕದ ವಾರ್ಡಿನವರನ್ನು ಕರೆಯುತ್ತಿದ್ದೆ. ಈಗ ಸೌಂದರ್ಯಳನ್ನು ಕರೆಯುತ್ತೇನೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ಈಗ ಸಮಾಧಾನವಾಯಿತೇ?

ನೀನು ಮಾಡಿದ್ದು ಪ್ರೀತಿ, ಒಡಹುಟ್ಟಿದವರೂ ಅಷ್ಟು ಮಾಡುವುದಿಲ್ಲ. ಆದರೆ ನೋಡು, ಒಂದು ವಾರದಲ್ಲಿ ಹೋಗಬೇಕಿದ್ದ ಹೆದರಿಕೆ ನಾಲ್ಕು ವರ್ಷ ನನ್ನಲ್ಲಿ ಮನೆ ಮಾಡಿಕೊಂಡು ಕೂತಿತು. ಒಂದೇ ಒಂದು ದಿನ ನೀನು "ಅಕ್ಕ, ಇದನ್ನು ನೀವೇ ಹಾಕಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ" ಎಂದಿದ್ದರೆ! ನಾನಾದರೂ "ಬಿಡೇ, ನಾನೇ ನೋಡುತ್ತೇನೆ" ಎಂದಿದ್ದರೆ! ಇಬ್ಬರೂ ಸುಮ್ಮನಿದ್ದೆವು.

ಆ ಹುಡುಗಿಗೂ ನೀನು ಇದನ್ನೇ ಮಾಡಿದ್ದೀಯ. ಅವಳ ಕೈಯಿಂದ ಸೂಜಿ ತೆಗೆದುಕೊಂಡೆ ಎಂದು ಎಷ್ಟು ಸಂತೋಷದಿಂದ ಬರೆದಿದ್ದೆ, ಆ ಕಾಗದ ತೆಗೆದು ಓದು ಎಂದರೆ ನಿನ್ನ ಹತ್ತಿರ ಇಲ್ಲ, ನನ್ನ ಹತ್ತಿರ ಇದೆ. ಓದಿ ಓದಿ ನನ್ನ ಮುಖಕ್ಕೇ ಹೊಡೆದ ಹಾಗಾಯಿತು. ಗದರಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು ಕಣೇ.

ನನ್ನನ್ನು ಕಾಯಲು ವಾಪಸ್ ಬರಬೇಡ. ಬಂದರೆ ನಾನು ಮಾತು ಬಿಡುತ್ತೇನೆ. ಹಾರನಹಳ್ಳಿಗೆ ಹೋಗಿ ಆ ಹುಡುಗಿಯನ್ನು ನೋಡು. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿ. ಅದು ಬಂದರೆ ಪಾಠ ಹೇಳುವುದೂ ಬರುತ್ತದೆ.

ನಿನ್ನ ಮೇಲಿನ ಕೋಪ ಇಷ್ಟು ಬರೆದ ಮೇಲೆ ಹೋಗಿದೆ.
ವಿಶಾಲಮ್ಮ


ಬೇಲೂರು, ಬಸ್ ಸ್ಟ್ಯಾಂಡ್
೫ ಡಿಸೆಂಬರ್ ೨೦೨೪

ಅಕ್ಕ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ನಿಮಗೆ ಗೊತ್ತಾಗದ ಹಾಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು. ತಪ್ಪಾಯಿತು.

ಇವತ್ತು ಹಾರನಹಳ್ಳಿಗೆ ಹೋಗಿ ಬಂದೆ. ದಿವ್ಯಾ ಮನೆಯಲ್ಲಿ ಕೊಬ್ಬರಿ ಸುಲಿಯುತ್ತಿದ್ದಳು. ನಾನು ಮಾಡಿದ್ದು ತಪ್ಪು ಎಂದು ಅವರಮ್ಮನ ಎದುರಿಗೇ ಹೇಳಿದೆ. ದಿವ್ಯಾ ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟು, "ಮೇಡಂ, ನೀವು ತಗೊಂಡ್ರಲ್ಲ, ಆವಾಗ ಆ ಅಜ್ಜಿ ನನ್ ಮುಖ ನೋಡಿ ಕೈ ಎಳ್ಕೊಂಡ್ರು. ಈಗ ಯಾರ್ ಕೈ ಹಿಡಿದ್ರೂ ಎಳ್ಕೊತಾರೆ ಅನ್ಸುತ್ತೆ" ಎಂದಳು. ಅಜ್ಜಿ ನನ್ನನ್ನು ಹೊಗಳಿದ್ದಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಕೈ ಎಳೆದುಕೊಂಡದ್ದನ್ನು ನಾನು ನೋಡೇ ಇರಲಿಲ್ಲ.

ಬರುತ್ತಾಳೆ, ಒಂದು ಕರಾರಿನ ಮೇಲೆ. "ಪಕ್ಕದಲ್ಲೇ ಇರ್ಬೇಕು ನೀವು. ಆದ್ರೆ ಮುಟ್ಬಾರ್ದು."

ಬಸ್ಸು ಬಂತು.
ಮಾಲಿನಿ


ಅರಸೀಕೆರೆ
೧೨ ಜನವರಿ ೨೦೨೫

ಮಾಲಿನಿ,

ನಿನಗೆ ಬುದ್ಧಿ ಹೇಳಿ ನಾನು ಸುಮ್ಮನೆ ಕೂತರೆ ಆಗುತ್ತದೆಯೇ? ಮೊನ್ನೆ ಸೌಂದರ್ಯಳನ್ನು ಕರೆದು ಎಲ್ಲ ಹೇಳಿದೆ. ಇಪ್ಪತ್ತನಾಲ್ಕು ವರ್ಷದವಳ ಎದುರು ಅದನ್ನು ಹೇಳಲು ನಾಲಿಗೆ ಒಣಗಿಹೋಯಿತು. ಅವಳು ನಗಲಿಲ್ಲ, ಪುಣ್ಯಾತ್ಗಿತ್ತಿ. "ಆಯ್ತು ಸಿಸ್ಟರ್, ನಾನು ಕೈ ಹಿಂದೆ ಕಟ್ಕೊಂಡು ನಿಂತ್ಕೋತೀನಿ" ಎಂದಳು.

ಒಬ್ಬಳು ಗಟ್ಟಿಮುಟ್ಟಾದ ಹೆಂಗಸು, ನರಗಳು ಎದ್ದು ಕಾಣುತ್ತಿದ್ದವು. ಎರಡು ಸಲ ಚುಚ್ಚಿದೆ, ಸಿಗಲಿಲ್ಲ. ಎರಡರ ಮೇಲೆ ಪ್ರಯತ್ನಿಸಬಾರದು ಎಂದು ನಿನ್ನ ಹುಡುಗಿಯರಿಗೂ ಹೇಳಿರುತ್ತೀಯ, ಸೌಂದರ್ಯಳಿಗೆ ಬಿಟ್ಟುಕೊಟ್ಟೆ. ಬ್ಲೌಸೆಲ್ಲ ಒದ್ದೆ. "ಜನವರಿ ಚಳೀಲಿ ಇಷ್ಟೊಂದು ಬೆವ್ರಾ ಸಿಸ್ಟರ್!" ಎಂದಳು ಸೌಂದರ್ಯ. ಅವಳಿಗೆ ನಾಲ್ಕು ಬಿಡಬೇಕು ಅನಿಸಿತು, ನಗುವೂ ಬಂತು.

ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸಿದ್ದೇನೆ. ನಿನ್ನ ಅತ್ತೆಗೆ ಹಲ್ಲಿಲ್ಲ, ಕೊಬ್ಬರಿ ಆರಿಸಿ ಕೊಡು.

ಸೋತು ಬಂದ,
ವಿಶಾಲಮ್ಮ


ಬಸ್ತಿಹಳ್ಳಿ
೧೬ ಫೆಬ್ರವರಿ ೨೦೨೫

ವಿಶಾಲಕ್ಕ,

ದಿವ್ಯಾ ಹಾಕಿದಳು!

ತಿಮ್ಮಯ್ಯ ಎಂಬ ಹೊಲದಲ್ಲಿ ದುಡಿಯುವ ಯಜಮಾನರು, ಜ್ವರ ಬಂದು ಸೇರಿದ್ದರು. ಮೊದಲನೆಯ ಸಲ ಜಾರಿತು. ಅವರು ಹುಬ್ಬು ಗಂಟಿಕ್ಕಿ, "ಏನವ್ವ, ನೀವು ಟೀಚ್ರಲ್ವಾ? ನೀವೇ ಹಾಕ್ಬಾರ್ದಾ?" ಎಂದರು. ಮಿಕ್ಕ ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ದಿವ್ಯಾ ನೋಡಲಿಲ್ಲ, ತಲೆ ತಗ್ಗಿಸಿಕೊಂಡು ಕಾಯುತ್ತಿದ್ದಳು. ಬೆನ್ನ ಹಿಂದೆ ನನ್ನ ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು ಅಕ್ಕ, ಉಗುರು ಚುಚ್ಚಿದ ಗುರುತು ಇನ್ನೂ ಇದೆ. "ಅವ್ಳೇ ಹಾಕ್ತಾಳೆ ಯಜಮಾನ್ರೇ, ಚೆನ್ನಾಗಿ ಬರುತ್ತೆ ಅವ್ಳಿಗೆ. ಇನ್ನೊಂದ್ಸಲ ನೋಡ್ಲಿ" ಎಂದೆ. ಅವರು ಗೊಣಗಿಕೊಂಡು ಕೈ ಚಾಚಿದರು. ಎರಡನೆಯ ಸಲ ಸಿಕ್ಕಿತು. ಅವಳು ನನ್ನ ಕಡೆ ತಿರುಗಲೇ ಇಲ್ಲ. "ನೋವಾಯ್ತಾ ತಾತ?" ಎಂದು ಅವರನ್ನು ಕೇಳಿದಳು. "ಇರ್ಲಿ ಬಿಡವ್ವ, ಒಳ್ಳೇದಾಗ್ಲಿ ನಿಂಗೆ" ಎಂದರು.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಸಂತೋಷದ ಜೊತೆಗೆ ಹೊಟ್ಟೆಯುರಿಯೂ ಆಯಿತು. ಆಶೀರ್ವಾದ ಅವಳಿಗೆ, ನಾನು ಬರಿಗೈ. ಇಷ್ಟು ವರ್ಷ ರೋಗಿಗಳ ಬಾಯಿಯ ಒಳ್ಳೆಯ ಮಾತು ಉಂಡು ಬೆಳೆದ ಜೀವ ಇದು. ವಾಪಸ್ ಹೋಗುವ ಆ ಕಾಗದವನ್ನು ಇನ್ನೂ ಹರಿದಿಲ್ಲ, ಬ್ಯಾಗಿನಲ್ಲೇ ಇದೆ. ನೀವು ಬೈದರೂ ಸರಿ, ಮನಸ್ಸು ಇನ್ನೂ ಅತ್ತ ಇತ್ತ ಆಡುತ್ತಿದೆ.

ಬೀಳ್ಕೊಡುಗೆಗೆ ಬರಲು ಆಗುವುದಿಲ್ಲ, ಅವತ್ತು ಇಲ್ಲಿ ಪರೀಕ್ಷೆ. ಹೇಳಿದರೆ ಅಳು ಬರುತ್ತದೆ, ಬಿಡಿ.

ನಿಮ್ಮ ಮಾಲಿನಿ


ಅರಸೀಕೆರೆ
೧ ಮಾರ್ಚ್ ೨೦೨೫

ಮಾಲಿನಿ,

ಬೆಳಿಗ್ಗೆ ಎದ್ದು ಸಮವಸ್ತ್ರ ಇಸ್ತ್ರಿ ಮಾಡಲು ಹೋದೆ, ಆಮೇಲೆ ನೆನಪಾಯಿತು.

ನಿನ್ನೆ ಹನ್ನೊಂದಕ್ಕೆ ಶಾಲು, ಹಾರ, ಡಾಕ್ಟರ್ ರಾಜಶೇಖರ್ ಭಾಷಣ. ನಾನು ಇಲ್ಲದಿದ್ದರೆ ವಾರ್ಡೇ ಇಲ್ಲ ಎಂದರು. ರಜೆ ಕೇಳಿದಾಗಲೆಲ್ಲ ಈ ಮಾತು ನೆನಪಿಸಬೇಕಿತ್ತು. ಹೋಗಲಿ ಬಿಡು.

ಊಟಕ್ಕೆ ಮೊದಲು ಕೊನೆಯ ಸಲ ವಾರ್ಡು ಸುತ್ತಲು ಹೋದೆ. ವೆಂಕಟಲಕ್ಷ್ಮಮ್ಮ ಮತ್ತೆ ಬಂದು ಸೇರಿದ್ದಾಳೆ. ಅವಳ ಲೈನ್ ಕಟ್ಟಿಕೊಂಡಿತ್ತು, ಕೈ ಊದಿತ್ತು. ಸೌಂದರ್ಯ ಟ್ರೇ ತಂದು ನನ್ನ ಮುಂದೆ ಇಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತಳು. ನಾನು ಶಾಲು ತೆಗೆದು ಮಂಚದ ಕಂಬಿಗೆ ಹಾಕಿದೆ. ವೆಂಕಟಲಕ್ಷ್ಮಮ್ಮ ಸೊಸೆಯ ಮೇಲೆ ದೂರು ಹೇಳುತ್ತಿದ್ದಳು. ಮೊದಲನೆಯ ಸಲಕ್ಕೇ ಸಿಕ್ಕಿತು ಕಣೇ. ಸೂಜಿಯ ಹಿಂದೆ ರಕ್ತ ಕಾಣಿಸಿದ್ದನ್ನು ನೋಡಿ ನನ್ನ ಕಣ್ಣು ಮಂಜಾಯಿತು, ಪ್ಲಾಸ್ಟರನ್ನು ಸೊಟ್ಟಗೆ ಅಂಟಿಸಿದೆ. ಆಕೆಗೆ ಏನೂ ತಿಳಿಯಲಿಲ್ಲ, ಸೊಸೆಯ ದೂರು ಹೇಳುತ್ತಲೇ ಇದ್ದಳು. ಆಮೇಲೆ ನಾನು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತು ಬಂದೆ.

ನೀನು ಬರಲು ಆಗುವುದಿಲ್ಲ ಎಂದಾಗ ಬೇಜಾರಾಗಿತ್ತು. ಈಗ ಹೇಳುತ್ತೇನೆ ಕೇಳು. ನೀನು ನಿನ್ನೆ ಪಕ್ಕದಲ್ಲಿದ್ದಿದ್ದರೆ ನಾನೇ ನಿನ್ನ ಕೈಗೆ ಕೊಡುತ್ತಿದ್ದೆ, ನೀನು ಇಸಿದುಕೊಳ್ಳುತ್ತಿದ್ದೆ. ನೀನು ದೂರ ಹೋದದ್ದರಿಂದ ನನಗಿದು ಸಿಕ್ಕಿತು. ಹೊಟ್ಟೆಯುರಿ ಇರಲಿ, ಅದರಿಂದ ಯಾರೂ ಸಾಯುವುದಿಲ್ಲ. ನೀನು ಅಲ್ಲೇ ಇರು ಮಗಳೇ.

ನಿನ್ನ ಅಕ್ಕ,
ವಿಶಾಲ


ಬಸ್ತಿಹಳ್ಳಿ
೬ ಮಾರ್ಚ್ ೨೦೨೫

ಅಕ್ಕ,

ಬ್ಯಾಗಿನಲ್ಲಿದ್ದ ಕಾಗದ ಹರಿದು ಹಾಕಿದೆ. ಇಲ್ಲೇ ಇರುತ್ತೇನೆ ಎಂದು ಇವತ್ತು ಜಯದೇವಪ್ಪನವರಿಗೆ ಬರೆದುಕೊಟ್ಟು ಬಂದೆ.

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ. ನನ್ನ ಅಳು ಕೇಳಿ ಮಾರಮ್ಮ ಗೋಡೆ ಹಿಡಿದುಕೊಂಡು ಓಡಿ ಬಂದರು. "ಯಾರ್ ಹೋದ್ರವ್ವ? ಯಾರ್ಗೇನಾಯ್ತು?" ಎಂದು ನನ್ನ ಭುಜ ಅಲ್ಲಾಡಿಸಿದರು.

"ಯಾರ್ಗೂ ಏನೂ ಆಗಿಲ್ಲ ಅತ್ತೆ. ನಮ್ಮಕ್ಕ ಲೈನ್ ಹಾಕವ್ರೆ" ಎಂದೆ.

ಮಾಲಿನಿ